ಜ್ಯಾಕನಿಗೆ ನೇಣು

ಸೆಲ್ವಿನ್ ಆ ಶನಿವಾರ ಬೆಳಿಗ್ಗೆ ಕಡಲೆ ಪಲ್ಯ ತುಂಬಿದ ಡಬಲ್ಸ್ ರೊಟ್ಟಿ ತಿಂದು ಸುಮ್ಮನೆ ಮನೆಗೆ ಹೋಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಊರಿಗೆಲ್ಲ ಅತ್ತೆಯಾದ ಟ್ಯಾಂಟಿ ಮರ್ಲ್‌ಳ ತಿಂಡಿ ಬಂಡಿಯ ಮುಂದೆ ನಿಂತು, ಗಲ್ಲದ ಮೇಲೆ ಕಡಲೆ ರಸ ಸುರಿಸಿಕೊಳ್ಳುತ್ತ, ಇಡೀ ಬೀದಿಗೆ ಕೇಳುವಂತೆ ಸಾರಿದ:

"ಟ್ಯಾಂಟಿ, ಇವತ್ತು ಜ್ಯಾಕ್‌ನ ನೇಣಿಗೆ ಹಾಕೇ ಹಾಕ್ತೀನಿ! ಎಂಟು ವರ್ಷದಿಂದ ಕಾಯ್ತಿದೀನಿ."

"ಹಾಕಪ್ಪ, ಹಾಕು. ಖಾರ ಇನ್ನೊಂಚೂರು ಹಾಕ್ಲಾ?"

ಯಾರೂ ಗಾಬರಿಯಾಗಲಿಲ್ಲ. ನಮ್ಮೂರಿನ ಆಲ್ ಫೋರ್ಸ್ ಇಸ್ಪೀಟಾಟದಲ್ಲಿ ಎದುರಾಳಿಯ ತುರುಪಿನ ಗುಲಾಮನನ್ನು, ಅಂದರೆ ಜ್ಯಾಕನ್ನು, ಹೊಡೆದು ಕಿತ್ತುಕೊಂಡರೆ ಅವನನ್ನು ನೇಣಿಗೆ ಹಾಕಿದಂತೆ. ಸೆಲ್ವಿನ್ ಅಂಚೆ ಕಚೇರಿಯಲ್ಲಿ ಠಸ್ಸೆಯನ್ನೂ ಕಾಗದಕ್ಕೆ ನೋವಾಗದಂತೆ ಒತ್ತುವ ಪುಕ್ಕಲ. ಅವನಿಗೆ ಈ ಭಾಗ್ಯ ಒಮ್ಮೆಯೂ ಸಿಕ್ಕಿರಲಿಲ್ಲ. ಅದನ್ನು ದಿನವೂ ಆಡಿಕೊಂಡು ನಗುತ್ತಿದ್ದ ಪಕ್ಕದ ಮನೆಯವನ ಹೆಸರೂ ಜ್ಯಾಕ್ ಆಗಿದ್ದುದು ಸೆಲ್ವಿನ್‌ನ ಗ್ರಹಚಾರ.

ಮಧ್ಯಾಹ್ನ ರಮ್ ಅಂಗಡಿಯಲ್ಲಿ ಫೈನಲ್ ಆಟ. ಎದುರು ತಂಡದವರು ತೆಂಗಿನ ತೋಟದ ಆಳುಗಳು. ಕೆಲಸ ಮುಗಿಸಿ ನೇರವಾಗಿ ಬಂದು, ಮಚ್ಚುಗಳನ್ನು ಗೋಡೆಗೆ ಸಾಲಾಗಿ ಒರಗಿಸಿದ್ದರು. ಜ್ಯಾಕ್ ಸೆಲ್ವಿನ್‌ನ ಬೆಂಚಿನ ಇನ್ನೊಂದು ತುದಿಯಲ್ಲೇ ಬಂದು ಕೂತ.

"ಲೋ ಸೆಲ್ವಿನ್, ನಿನ್ ಕೈಲಿ ಸೊಳ್ಳೆ ಹೊಡೆಯಕ್ಕೂ ಆಗಲ್ಲ ಕಣೋ. ಇಷ್ಟು ಸೆಕೆಲಿ ತಲೆ ಮೇಲೆ ಟೋಪಿ ಬೇರೆ ಯಾಕೆ?"

ಸೆಲ್ವಿನ್ ಟೋಪಿಯನ್ನು ಇನ್ನಷ್ಟು ಒತ್ತಿಕೊಂಡ. ಕೊನೆಯ ಕೈ, ಇಸ್ಪೀಟೇ ತುರುಪು. ಎದುರಿನವನು ಇಸ್ಪೀಟ್ ಗುಲಾಮನನ್ನು ಹಾಕಿದ್ದೇ ತಡ, ಸೆಲ್ವಿನ್ ಇಸ್ಪೀಟ್ ರಾಣಿಯನ್ನು ಮೇಜಿಗೆ ಬಡಿದು "ನೇಣು!" ಎಂದು ಕಿರುಚಿ ಹಾರಿ ಎದ್ದ. ಹಾಗೆ ಹಾರುವುದೇ ನಮ್ಮಲ್ಲಿ ಪದ್ಧತಿ. ಬೆಂಚಿನ ಅವನ ತುದಿ ಮೇಲೆದ್ದಿತು, ಜ್ಯಾಕ್‌ನ ತುದಿ ಕುಸಿಯಿತು. ಜ್ಯಾಕ್ ಬಾಟಲಿ ಪೆಟ್ಟಿಗೆಯ ಮೇಲೆ ತಲೆ ಮುಂದಾಗಿ ಬಿದ್ದ. ರಕ್ತ ಕಂಡ ಸೆಲ್ವಿನ್ ಗೆದ್ದದ್ದನ್ನೂ ಮರೆತು ಅವನತ್ತ ಓಡಿದ.

ಜ್ಯಾಕನನ್ನು ಆಸ್ಪತ್ರೆಗೆ ಒಯ್ದರು. ಪೊಲೀಸ್ ಕಾರ್ಪೊರಲ್ ರಾಮ್‌ಖೇಲಾವನ್ ಬಂದ. ಸಾರ್ಜೆಂಟ್ ಪರೀಕ್ಷೆಗೆ ಓದುತ್ತಿದ್ದ ಅವನ ಕಂಕುಳಲ್ಲಿ ಕಾನೂನಿನ ಪುಸ್ತಕವಿತ್ತು.

"ನೋಡಪ್ಪ, ಗಾಯ ಆಗಿದೆ ಅನ್ನೋದು ಅರ್ಧ ಕೇಸು. ಗಾಯ ಮಾಡ್ಬೇಕು ಅಂತಲೇ ಮಾಡ್ದೆ ಅನ್ನೋದು ಇನ್ನರ್ಧ. ಎರಡೂ ಸೇರಿದ್ರೆ ಜೀವಾವಧಿ ತನಕ ಹೋಗ್ಬಹುದು."

ಸೆಲ್ವಿನ್ ಎರಡು ಹೆಜ್ಜೆ ಹಿಂದೆ ಸರಿದ. ಗಲಾಟೆ ಕೇಳಿ ಬಂದಿದ್ದ ಟ್ಯಾಂಟಿ ಮರ್ಲ್ ಅವನ ಸಹಾಯಕ್ಕೆ ನುಗ್ಗಿದಳು.

"ಚಿನ್ನದಂಥ ಹುಡುಗ ಸಾರ್! ಕದ್ದುಮುಚ್ಚಿ ಏನೂ ಮಾಡೋನಲ್ಲ. ಜ್ಯಾಕ್‌ನ ನೇಣಿಗೆ ಹಾಕ್ತೀನಿ ಅಂತ ಬೆಳಿಗ್ಗೆನೇ ಹೇಳಿದ್ದ."

ಕಾರ್ಪೊರಲ್ ಬರೆದುಕೊಂಡ: ಮೊದಲೇ ಯೋಚಿಸಿದ್ದ.

ಆಟದಲ್ಲಿ ಸೆಲ್ವಿನ್‌ನ ಜೊತೆಗಾರ, ಕ್ಷೌರದ ಬಾಲ್ಗೋಬಿನ್ ಎದೆಯುಬ್ಬಿಸಿ ಬಂದ. "ಎಷ್ಟು ಜವಾಬ್ದಾರಿ ಗೊತ್ತಾ ಸಾರ್ ಇವನಿಗೆ? ಒಬ್ರು ಎದ್ರೆ ಇನ್ನೊಬ್ರು ಬೀಳ್ತೀರ, ಬೆಂಚು ಹುಷಾರು ಅಂತ ಹೋದ ವಾರನೇ ನಮಗೆಲ್ಲ ಹೇಳಿದ್ದ!"

ಕಾರ್ಪೊರಲ್ ಬರೆದುಕೊಂಡ: ಏನಾಗುತ್ತದೆಂದು ಗೊತ್ತಿತ್ತು.

"ಬಾಯಿ ಮುಚ್ಕೊಳ್ರೋ!" ಸೆಲ್ವಿನ್ ಅಳುವ ದನಿಯಲ್ಲಿ ಚೀರಿದ. ಜೈಲಿನ ಬಾಗಿಲು ಮುಚ್ಚುವ ಸದ್ದು ಅವನ ಕಿವಿಯಲ್ಲಿ ಆಗಲೇ ಕೇಳುತ್ತಿತ್ತು. "ಸಾರ್, ನಾನು ಹೇಳಿದ್ದು ಎಲೆಯ ಜ್ಯಾಕ್! ಎದ್ದಿದ್ದು ಗೆದ್ದ ಖುಷಿಗೆ! ಎಲೆಗಳು ಇನ್ನೂ ಮೇಜಿನ ಮೇಲೇ ಇವೆ, ನೋಡಿ ಬೇಕಾದ್ರೆ!"

ಕಾರ್ಪೊರಲ್ ನೋಡಿದ. ಗುಲಾಮನ ಮೇಲೆ ರಾಣಿ ಸರಿಯಾಗಿಯೇ ಕೂತಿದ್ದಳು. ಅಷ್ಟರಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡು ಜ್ಯಾಕ್ ಮರಳಿ ಬಂದು ನಕ್ಕುಬಿಟ್ಟ. "ಇವನು ಬೇಕಂತ ಬೀಳ್ಸೋದಾ? ಅಷ್ಟು ಧೈರ್ಯ ಎಲ್ಲಿದೆ ಸಾರ್ ಇವನಿಗೆ?"

"ಹಾಗಾದ್ರೆ ಉದ್ದೇಶ ಇಲ್ಲ, ಕೇಸೂ ಇಲ್ಲ," ಎಂದ ಕಾರ್ಪೊರಲ್. ಸೆಲ್ವಿನ್‌ಗೆ ಹೋದ ಜೀವ ಬಂದಂತಾಯಿತು. "ಪುರಾವೆಗೆ ಅಂತ ಎಲೆ ಎಣಿಸಿ ಬರ್ಕೊಂಡು ಹೋಗ್ತೀನಿ, ಅಷ್ಟೇ."

ಬಂದ ಜೀವ ಮತ್ತೆ ಹೋಯಿತು. ಅವನ ಕೈ ತಾನಾಗಿ ಟೋಪಿಗೆ ಹೋಯಿತು.

"ಐವತ್ತೊಂದು, ಐವತ್ತೆರಡು... ಐವತ್ತಮೂರು?" ಕಾರ್ಪೊರಲ್ ಹುಬ್ಬು ಗಂಟಿಕ್ಕಿ, ಹಂಚದೆ ಉಳಿದಿದ್ದ ಕಟ್ಟಿನಿಂದ ಒಂದು ಎಲೆ ಎತ್ತಿ ತೋರಿಸಿದ. ಅದೂ ಇಸ್ಪೀಟ್ ರಾಣಿ.

ಎಲ್ಲರ ಕಣ್ಣೂ ಸೆಲ್ವಿನ್‌ನ ಟೋಪಿಯ ಮೇಲೆ ಬಿತ್ತು. ತೋಟದ ಆಳುಗಳು ಒಬ್ಬೊಬ್ಬರಾಗಿ ಎದ್ದು ಗೋಡೆಯ ಕಡೆ ನಡೆದರು. ಒಬ್ಬ ತನ್ನ ಮಚ್ಚಿನ ಅಲಗಿನ ಮೇಲೆ ನಿಧಾನವಾಗಿ ಹೆಬ್ಬೆರಳಾಡಿಸಿದ.

"ಸಾರ್!" ಸೆಲ್ವಿನ್ ಕಾರ್ಪೊರಲ್‌ನ ಕಾಲು ಹಿಡಿದ. "ಉದ್ದೇಶ ಇತ್ತು ಸಾರ್! ಬೇಕಂತಲೇ ಬೀಳ್ಸಿದೆ! ಜೀವಾವಧಿ ಹಾಕಿ, ಈಗ್ಲೇ ಕರ್ಕೊಂಡು ಹೋಗಿ!"

"ಛೆ ಛೆ, ಏಳಪ್ಪ. ಹೆದರಿ ಒಪ್ಕೊಂಡಿದ್ದು ಕೋರ್ಟಲ್ಲಿ ನಿಲ್ಲಲ್ಲ." ಕಾರ್ಪೊರಲ್ ಅಕ್ಕರೆಯಿಂದ ಅವನ ಭುಜ ತಟ್ಟಿ, ಪುಸ್ತಕವನ್ನು ಕಂಕುಳಿಗೆ ಸೇರಿಸಿದ. "ನಿನ್ ಮೇಲೆ ಏನೂ ಇಲ್ಲ. ಆರಾಮಾಗಿರು." ಅವನ ಜೀಪು ಧೂಳೆಬ್ಬಿಸಿ ಹೋಯಿತು.

ಬಾಗಿಲಿಗೆ ಅಡ್ಡವಾಗಿ ಮಚ್ಚಿನವರು ನಿಂತರು. ಜ್ಯಾಕ್ ಬೆಂಚನ್ನು ಎತ್ತಿ ಸರಿಯಾಗಿ ನಿಲ್ಲಿಸಿ, ಒಂದು ತುದಿಯಲ್ಲಿ ಕೂತು ಇನ್ನೊಂದು ತುದಿಯನ್ನು ತಟ್ಟಿದ. ಆ ತುದಿಯ ಪಕ್ಕಕ್ಕೆ ಬಾಟಲಿ ಪೆಟ್ಟಿಗೆಯನ್ನೂ ಯಾರೋ ಜರುಗಿಸಿದ್ದರು.

"ಬಾರೋ ಸೆಲ್ವಿನ್, ಕೂತ್ಕೋ. ನಾನು ಎದ್ರೆ ನೀನು ಬೀಳ್ತೀಯ ಅಂತ ನಂಗೆ ಗೊತ್ತೇ ಇಲ್ಲ ಕಣೋ."