ಸ್ಪ್ಯಾನಿಷ್ ಹುಡುಗಿಯ ಇಂಗ್ಲಿಷ್ ಕೀಲಿಕೈ

ಎಲ್ಲಕ್ಕೂ ಕಾರಣ ಮೆಟ್ಟಿಲ ಮೇಲೆ ನಿಂತು ಅಮ್ಮ ಆಡಿದ ಒಂದು ಮಾತು. "ನಮ್ಮ ಮಗಳು ಸ್ಪ್ಯಾನಿಷನ್ನ ನೀರು ಕುಡಿದ ಹಾಗೆ ಮಾತಾಡ್ತಾಳೆ" ಎಂದು ಕೆಳಮನೆಯ ಸೂಪರ್‌ವೈಸರಿಗೆ ಹೇಳಿಬಿಟ್ಟಿದ್ದಳು.

ಮಗಳು ಸ್ಪ್ಯಾನಿಷ್ ಬಿ.ಎ. ಮುಗಿಸಿ ಮೂರು ತಿಂಗಳಾಗಿತ್ತು. ಓದಿದ್ದೆಲ್ಲ ಕವಿತೆ, ನಾಟಕ. ಬೆಳದಿಂಗಳಿಗೆ, ವಿರಹಕ್ಕೆ, ನಿಟ್ಟುಸಿರಿಗೆ ಆ ಭಾಷೆಯಲ್ಲಿ ಎಷ್ಟು ಪದಗಳಿವೆಯೋ ಅಷ್ಟೂ ಬಾಯಿಪಾಠ. ಆದರೆ ಬೆಳದಿಂಗಳ ಇಲಾಖೆಯಲ್ಲಿ ಕೆಲಸ ಖಾಲಿ ಇದೆ ಎಂದು ಯಾವ ಪೇಪರಿನಲ್ಲೂ ಬಂದಿರಲಿಲ್ಲ. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು "ಟೂರಿಸ್ಟ್ ಗೈಡ್ ಆಗಮ್ಮ" ಎನ್ನುತ್ತಿದ್ದರು. ಹೊಲಿಗೆ ಆಂಟಿ "ಟೀಚರ್ ಆಗು, ಮದುವೆಗೂ ಅನುಕೂಲ" ಎನ್ನುತ್ತಿದ್ದಳು. ಅಪ್ಪ ಮಾತ್ರ, "ಈ ತಿಂಗಳು ನೋಡ್ತೀನಿ. ಆಮೇಲೆ ಚಿಕ್ಕಪ್ಪನ ಜೆರಾಕ್ಸ್ ಅಂಗಡೀಲಿ ಕೂತ್ಕೋ" ಎಂದಿದ್ದರು. ಅಂದು ತಿಂಗಳ ಕೊನೆಯ ದಿನ.

ಬೆಳಿಗ್ಗೆ ಎಂಟಕ್ಕೇ ಸೂಪರ್‌ವೈಸರ್ ಮಗಳನ್ನು ಹುಡುಕಿಕೊಂಡು ಓಡಿ ಬಂದರು.

"ಅಮ್ಮಾ, ನಮ್ಮ ಬಿಸ್ಕತ್ತು ಫ್ಯಾಕ್ಟರಿಗೆ ಹೊಸ ಪ್ಯಾಕಿಂಗ್ ಮಿಷನ್ ಬಂದಿದೆ. ಅದನ್ನ ಕೂರಿಸೋಕೆ ಬಂದಿರೋ ಎಂಜಿನಿಯರಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಬರಲ್ಲ. ದುಭಾಷಿಗೆ ಜ್ವರ. ನೀನೇ ಕಾಪಾಡಬೇಕು!"

ಅವಳಿಗೆ ಆಕಾಶಕ್ಕೆ ಮೂರೇ ಗೇಣು. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಹೊಸ ನೋಟ್‌ಬುಕ್ಕು ಹಿಡಿದು ಹೊರಟಳು.

ಎಂಜಿನಿಯರು ಮಿಷನ್ನಿನ ಕೆಳಗೆ ಅಂಗಾತ ಮಲಗಿದ್ದ. ಎರಡು ಬೂಟುಗಳಷ್ಟೇ ಕಾಣುತ್ತಿದ್ದವು. ತಗಡಿನ ಶೆಡ್ಡು, ಫೋನಿಗೆ ಸಿಗ್ನಲ್ಲೂ ಇಲ್ಲ. ಬೂಟುಗಳಿಗೇ ನಮಸ್ಕಾರ ಹೇಳಿ ಅವಳು ಕೆಲಸ ಶುರುಮಾಡಿದಳು.

ಕೆಳಗಿನಿಂದ ಮೊದಲ ಅಪ್ಪಣೆ ಬಂತು. "ಯಾವೆ ಇಂಗ್ಲೇಸಾ!"

"ಇಂಗ್ಲಿಷ್ ಕೀಲಿಕೈ ಬೇಕಂತೆ" ಎಂದಳು ಅವಳು.

ಸೂಪರ್‌ವೈಸರ್ ಆಫೀಸಿನ ಬೀರುವಿನದು, ಗೋದಾಮಿನದು, ತಮ್ಮ ಸ್ಕೂಟರಿನದು, ಹೀಗೆ ಕೀಲಿಕೈಗಳ ಗೊಂಚಲನ್ನೇ ತಂದರು. "ಇದರಲ್ಲಿ ಇಂಗ್ಲಿಷ್ ಯಾವುದೋ ನೋಡ್ಕೋ."

ಎಂಜಿನಿಯರು ಒಂದೊಂದನ್ನೇ ನೋಡಿ, ತೆವಳಿಕೊಂಡು ಹೊರಬಂದು, ಗಾಳಿಯಲ್ಲಿ ನಟ್ಟು ತಿರುಗಿಸಿ ತೋರಿಸಿದ. ಮುದುಕ ಫಿಟ್ಟರ್ ನಕ್ಕ. "ಸ್ಪ್ಯಾನರ್ ಕಣಮ್ಮ! ನೀನು ಓದಿದ್ದು ಸ್ಪ್ಯಾನಿಷ್, ಅವನು ಕೇಳಿದ್ದು ಸ್ಪ್ಯಾನರ್."

ಅವಳು ನಾಚಿ ಅದನ್ನು ಬರೆದುಕೊಂಡಳು. ಎಂಜಿನಿಯರು ಮತ್ತೆ ಒಳಗೆ ಹೊಕ್ಕ. ಐದು ನಿಮಿಷಕ್ಕೆ ಎರಡನೇ ಕೂಗು. "ಗಾತೋ! ಗಾತೋ!"

ಈ ಸಲ ಅವಳಿಗೆ ಅನುಮಾನವೇ ಇರಲಿಲ್ಲ. ಮೊದಲ ವರ್ಷದ ಮೊದಲ ಪಾಠದ ಪದ. "ಬೆಕ್ಕು."

"ಬೆಕ್ಕಾ?"

"ಹೌದು ಅಂಕಲ್, ಬೆಕ್ಕೇ. ಅರ್ಜೆಂಟಂತೆ."

ಸೂಪರ್‌ವೈಸರ್ ಹಣೆ ಚಚ್ಚಿಕೊಂಡರು. "ಹಡಗಲ್ಲಿ ಬಂದ ಮಿಷನ್ನು! ಒಳಗೆ ಇಲಿ ಸೇರ್ಕೊಂಡಿದೆ!"

ಕ್ಯಾಂಟೀನಿನ ಅಕ್ಕ ತನ್ನ ಬೆಕ್ಕನ್ನು ಕೊಡಲು ಸುತರಾಂ ಒಪ್ಪಲಿಲ್ಲ. "ಫಾರಿನ್ ಇಲಿ ತಿಂದು ನನ್ನ ಮಗೂಗೆ ಏನಾದ್ರೂ ಆದ್ರೆ?" ಕೊನೆಗೆ ತಾನೇ ಎತ್ತಿಕೊಂಡು ಬಂದಳು. ಮಿಷನ್ನಿನ ಅಡಿಯಿಂದ ಬಿಚ್ಚಿದ ಅಂಗೈಯೊಂದು ಹೊರಗೆ ಚಾಚಿತ್ತು. ಅಕ್ಕ ಬೆಕ್ಕನ್ನು ಆ ಅಂಗೈ ಮೇಲೆ ಇಟ್ಟಳು.

ಆಮೇಲೆ ಕೇಳಿದ ಎರಡು ಕಿರುಚಾಟಗಳಲ್ಲಿ ಯಾವುದು ಬೆಕ್ಕಿನದು, ಯಾವುದು ಎಂಜಿನಿಯರದು ಎಂದು ಯಾರಿಗೂ ತಿಳಿಯಲಿಲ್ಲ.

ಅವನು ಹೊರಬಂದಾಗ ಎಣ್ಣೆ ಡಬ್ಬಿ ಉರುಳಿ ಅಂಗಿಯೆಲ್ಲ ತೊಯ್ದಿತ್ತು, ತೋಳಿನ ಮೇಲೆ ಐದು ಗೀರು. ಅಂಗಿ ಹಿಂಡುತ್ತ ನಿತ್ರಾಣದ ದನಿಯಲ್ಲಿ ಅಂದ, "ಮೋನೋ..."

ಸೂಪರ್‌ವೈಸರ್ ಅವಳ ಕಡೆ ತಿರುಗಿದರು.

"ಏನಂತಮ್ಮ?"

"ಕೋತಿ, ಅಂಕಲ್."

"ಎತ್ತರದ ಬೋಲ್ಟು ಬಿಚ್ಚೋಕಿರ್ಬೇಕು" ಎಂದು ಸೂಪರ್‌ವೈಸರ್ ಬಾಗಿಲ ಕಡೆ ಹೆಜ್ಜೆ ಇಟ್ಟೇಬಿಟ್ಟರು.

"ನಿಲ್ಲಿ ಅಂಕಲ್!" ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಕೋತಿ ಬೇಡ. ತಪ್ಪೆಲ್ಲ ನನ್ನದು. ನನಗೆ ಈ ಕೆಲಸದ ಪದ ಒಂದೂ ಗೊತ್ತಿಲ್ಲ." ಎಂಜಿನಿಯರಿಗೂ ಅದನ್ನೇ ಅವನ ಭಾಷೆಯಲ್ಲಿ ಹೇಳಿ, ನೋಟ್‌ಬುಕ್ಕು, ಪೆನ್ಸಿಲ್ಲು ಮುಂದೆ ಹಿಡಿದಳು. "ಬರೆದು ತೋರಿಸಿ."

ಅವನು ಅವಳ ಮುಖ ನೋಡಿದ, ಬೆಕ್ಕಿನ ಮುಖ ನೋಡಿದ, ಹೊಟ್ಟೆ ಹುಣ್ಣಾಗುವಂತೆ ನಕ್ಕ. ಮಿಷನ್ನನ್ನು ಎತ್ತಿ ನಿಲ್ಲಿಸುವ ಜಾಕಿಯ ಚಿತ್ರ ಬರೆದು 'ಗಾತೋ' ಎಂದ. ಬಟ್ಟೆ ಕೊಳೆಯಾಗದಂತೆ ಮೇಲಿಂದ ಕಾಲಿನವರೆಗೂ ತೊಡುವ ಉಡುಪು ಬರೆದು 'ಮೋನೋ' ಎಂದ. ಫಿಟ್ಟರ್ ಒಂದೊಂದು ಚಿತ್ರಕ್ಕೂ ಶೆಡ್ಡಿನಲ್ಲಿ ಬಳಸುವ ಹೆಸರು ಹೇಳಿದ, ಅವಳು ಬರೆದುಕೊಂಡಳು. ಮಧ್ಯಾಹ್ನಕ್ಕೆ ಹದಿನೆಂಟು ಪುಟ ತುಂಬಿತು. ಮೂರು ಗಂಟೆಗೆ ಅವಳೂ ಮಂಡಿಯೂರಿ, ಮಿಷನ್ನಿನ ಕೆಳಗೆ ತಲೆ ಹಾಕಿ, "ಆ ಬೆಲ್ಟು ಸಡಿಲ ಇದೆಯಂತೆ, ಎಡಕ್ಕೆ ಎಳೀರಿ!" ಎಂದು ಕೂಗುತ್ತಿದ್ದಳು. ಬೆಳದಿಂಗಳ ಕವಿತೆಯ ಭಾಷೆಗೆ ಗ್ರೀಸಿನ ವಾಸನೆಯೂ ಇದೆಯೆಂದು ತಿಳಿದು ಅವಳಿಗೆ ವಿಚಿತ್ರವಾದ ಖುಷಿಯಾಯಿತು.

ಐದಕ್ಕೆ ಮಿಷನ್ನು ಗುರ್ರೆಂದು ತಿರುಗಿ ಮೊದಲ ಬಿಸ್ಕತ್ತು ಪೊಟ್ಟಣ ಉಗುಳಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಅವಳನ್ನು ಕರೆಸಿ ನೇಮಕದ ಪತ್ರವನ್ನೇ ಕೊಟ್ಟರು.

"ಸೋಮವಾರದಿಂದ ಬಂದ್ಬಿಡು. ಇನ್ನೂ ಮೂರು ಮಿಷನ್ ಬರ್ತಿವೆ, ಅದಕ್ಕೆಲ್ಲ ದುಭಾಷಿ ನೀನೇ."

"ಖಂಡಿತ ಸಾರ್! ಈಗ ಪದಗಳೆಲ್ಲ ಬಾಯಿಪಾಠ."

"ಭೇಷ್! ಮುಂದೆ ಬರೋ ಎಂಜಿನಿಯರುಗಳು ಜರ್ಮನ್ ಮಾತಾಡೋರು."

ಅವಳು ಪತ್ರವನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟಳು. "ಸಾರ್... ನನಗೆ ಜರ್ಮನ್ ಬರಲ್ಲ."

ಮ್ಯಾನೇಜರ್ ಪ್ರೀತಿಯಿಂದ ನಕ್ಕರು. "ಬೆಳಿಗ್ಗೆ ನಿನಗೆ ಸ್ಪ್ಯಾನಿಷಾದ್ರೂ ಎಲ್ಲಮ್ಮ ಬರ್ತಿತ್ತು?"