ತಾರಾನಾಥರ ಎದೆಯ ಕುರಿತು ಮುನ್ಸೂಚನೆ ನೀಡುವುದರ ನಿಯಂತ್ರಣ

ಕ್ರಮಾಂಕ: ಮುಸೂ/ಕಾಪು/ಎದೆ/ಥೈ-೭

ವಿಷಯ: ಕಾಪು ನಿವಾಸಿ ಶ್ರೀ ತಾರಾನಾಥ ಇವರ ಗಡ್ಡೆ ಮರಳುವುದೋ ಇಲ್ಲವೋ ಎಂದು ಸಾರ್ವಜನಿಕರು ನುಡಿಯುತ್ತಿರುವ ಬಗ್ಗೆ.

ಉಲ್ಲೇಖ: ಪತ್ನಿ ಶ್ರೀಮತಿ ಸರಸ ಇವರ ಮೌಖಿಕ ದೂರು (ಬಾಗಿಲಲ್ಲಿ ನಿಂತು ನೀಡಿದ್ದು).

ಬಲೆ ದುರಸ್ತಿ ಮಾಡುವ ತಾರಾನಾಥರ ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಿಂದ ಕ್ಯಾನ್ಸರ್ ಗಡ್ಡೆಯನ್ನು ಮಣಿಪಾಲದಲ್ಲಿ ತೆಗೆಯಲಾಗಿದೆ. ಗಡ್ಡೆ ಪೂರ್ತಿ ಹೊರಬಂದಿದೆ, ಹೆಚ್ಚು ಹರಡಿರಲಿಲ್ಲ, ಮರಳುವ ಸಂಭವ ಕಡಿಮೆ. ಆದರೂ ಹಲವು ವರ್ಷ ಸ್ಕ್ಯಾನ್ ಮಾಡಿಸುತ್ತಿರಬೇಕು ಎಂದು ವೈದ್ಯರು ತಿಳಿಸಿದ್ದಾರೆ. ವಿಷಯ ಇಲ್ಲಿಗೆ ಮುಗಿಯಬೇಕಿತ್ತು.

ಆದರೆ ನೀರಿನ ಬಣ್ಣ ನೋಡಿ ಬಂಗುಡೆ ಮೀನು ಎಲ್ಲಿದೆಯೆಂದು ಹೇಳುವ, ದೋಣಿ ನಡೆಸುವ ತಾಂಡೇಲ ಶ್ರೀ ಚಂದು ಇವರು ಭೇಟಿಗೆ ಬಂದು, ಕಡಲು ನೋಡುವ ರೀತಿಯಲ್ಲೇ ಕಣ್ಣು ಕಿರಿದು ಮಾಡಿ ಸದರಿ ಎದೆಯನ್ನು ವೀಕ್ಷಿಸಿ, "ಇನ್ನೊಮ್ಮೆ ಬರುವ ಲಕ್ಷಣ ಉಂಟು ಮಾರಾಯ" ಎಂದಿದ್ದಾರೆ. ಬಂಗುಡೆಯ ವಿಷಯದಲ್ಲಿ ಚಂದು ತಪ್ಪಿದ್ದನ್ನು ಯಾರೂ ಕಂಡಿಲ್ಲ. ಹೀಗಾಗಿ ತಾರಾನಾಥರು, "ಬರುವುದೇ ಆದರೆ ನೋಡುವುದೆಂತಕ್ಕೆ" ಎಂದು ಗುರುವಾರದ ಸ್ಕ್ಯಾನಿಗೆ ಹೋಗಲು ಒಪ್ಪದೆ ಕುಳಿತಿದ್ದಾರೆ.

ಆದುದರಿಂದ ಕೆಳಕಂಡಂತೆ ಆದೇಶಿಸಲಾಗಿದೆ:

೧. ಬಂಗುಡೆ ಮತ್ತು ಗಡ್ಡೆ ಬೇರೆ ಬೇರೆ ಇಲಾಖೆಗಳ ವ್ಯಾಪ್ತಿಗೆ ಒಳಪಡುತ್ತವೆ ಎಂಬುದನ್ನು ಎಲ್ಲ ತಾಂಡೇಲರ ಗಮನಕ್ಕೆ ತರಲಾಗಿದೆ.

೨. ನೋಡಲು ಬಂದವರು "ಥೈಮಸ್ ಅಂದರೆ ಎಂತ, ನಮಗೂ ಉಂಟಾ" ಎಂದು ತಮ್ಮ ಎದೆ ಒತ್ತಿಕೊಳ್ಳುವುದನ್ನು ನಿಷೇಧಿಸಲಾಗಿದೆ. ಉಂಟು. ವಯಸ್ಸಾದಂತೆ ಸಣ್ಣದಾಗುತ್ತದೆ. ಪ್ರತ್ಯೇಕ ಅರ್ಜಿ ಬೇಡ.

೩. ತಾರಾನಾಥರು ಕೆಮ್ಮಿದಾಗ ಹಾಜರಿರುವವರು ಪರಸ್ಪರ ಮುಖ ನೋಡಿಕೊಳ್ಳತಕ್ಕದ್ದಲ್ಲ, ಗೋಡೆ ನೋಡತಕ್ಕದ್ದು. ಅಡುಗೆಮನೆಯಲ್ಲಿ ಮೆಣಸು ಹುರಿಯುವಾಗಿನ ಕೆಮ್ಮನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

೪. ತಾರಾನಾಥರ ಸ್ನೇಹಿತ, ಶಿರ್ವದ ಶ್ರೀ ಲೆಸ್ಟರ್ ಇವರು ಕುವೈತಿನಿಂದ ವಿಡಿಯೋ ಕರೆಯಲ್ಲಿ "ನನ್ನ ರೂಮಿನವನ ಭಾವನಿಗೂ ಹೀಗೇ ಆಗಿ..." ಎಂದು ಆರಂಭಿಸಿರುವ ವಾಕ್ಯವು ಅಲ್ಲಿಗೇ ಮುಕ್ತಾಯಗೊಂಡಿದೆ ಎಂದು ಭಾವಿಸತಕ್ಕದ್ದು.

೫. ಎಳನೀರು ತಂದವರು ಎಳನೀರನ್ನು ಮಾತ್ರ ಬಿಟ್ಟುಹೋಗತಕ್ಕದ್ದು. "ಈಗ ಕುಡಿಯಿರಿ, ಮುಂದೆ ಹೇಗೋ ಎಂತದೋ" ಎಂಬುದನ್ನು ವಾಪಸು ಕೊಂಡೊಯ್ಯತಕ್ಕದ್ದು.

೬. ಶ್ರೀ ಚಂದು ಇವರೇ ಗುರುವಾರ ತಾರಾನಾಥರನ್ನು ಮಣಿಪಾಲಕ್ಕೆ ಕರೆದೊಯ್ಯತಕ್ಕದ್ದು. ಭವಿಷ್ಯ ನುಡಿಯದೆ ಇರಲಾಗದಿದ್ದಲ್ಲಿ, ಉಡುಪಿಯಲ್ಲಿ ಬಸ್ಸಿನ ಯಾವ ಸೀಟು ಖಾಲಿಯಾಗುತ್ತದೆ ಎಂಬುದಕ್ಕೆ ಸೀಮಿತಗೊಳಿಸಿಕೊಳ್ಳತಕ್ಕದ್ದು. ಗಡ್ಡೆ ಇನ್ನೊಮ್ಮೆ ಬರುತ್ತದೆಂದು ಹೇಳಿದ್ದೇಕೆಂದು ಸದರಿ ಚಂದು ಇವರನ್ನು ವಿಚಾರಿಸಲಾಗಿ, "ಹೆದರಿಕೆ ಆಯಿತು. ಅವನಿಲ್ಲದಿದ್ದರೆ ನಾನು ಯಾರ ಹತ್ತಿರ ಜಗಳ ಮಾಡುವುದು, ಅಲ್ವಾ" ಎಂದು ಉತ್ತರಿಸಿದ್ದಾರೆ. ಸಮಜಾಯಿಷಿಯನ್ನು ತಿರಸ್ಕರಿಸಲಾಗಿದೆ, ಆದರೆ ಜೋಪಾನವಾಗಿ ಇರಿಸಿಕೊಳ್ಳಲಾಗಿದೆ.

೭. ಗಡ್ಡೆ ಮರಳುವುದೇ ಎಂಬ ಬಗ್ಗೆ ಈ ಇಲಾಖೆಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದನ್ನು ಈ ಮೂಲಕ ದೃಢೀಕರಿಸಲಾಗಿದೆ.

ಸಹಿ/-
ಪ್ರಭಾರ ಅಧೀಕ್ಷಕರು
(ಅಧೀಕ್ಷಕರು ಸ್ವತಃ ರೋಗಿಯನ್ನು ನೋಡಲು ಹೋಗಿರುವುದರಿಂದ)

ಪ್ರತಿಗಳು:
೧. ಶ್ರೀಮತಿ ಸರಸ: ಚಂದು ಇವರಿಗೆ ಬೈಯುವ ಅವಧಿಯನ್ನು ಗುರುವಾರದವರೆಗೆ ವಿಸ್ತರಿಸಲಾಗಿದೆ.
೨. ಶ್ರೀ ತಾರಾನಾಥ: ಕರಡನ್ನು ಓದಿ "ಆಯಿತು, ಹೋಗುವ. ಬರುವಾಗ ಹೋಟೆಲಿನಲ್ಲಿ ಗೋಳಿಬಜೆಯ ಖರ್ಚು ಚಂದುವಿನದ್ದು" ಎಂದಿರುವುದನ್ನು ಒಪ್ಪಿಗೆಯೆಂದು ಪರಿಗಣಿಸಲಾಗಿದೆ.
೩. ಗಡ್ಡೆ: ಮಾಹಿತಿಗಾಗಿ. ಮರುನೇಮಕಾತಿ ಕೋರಿ ಅರ್ಜಿ ಸಲ್ಲಿಸಬಾರದೆಂದು ವಿನಂತಿ.