ಮೇಪಲ್ ಬೆಂಡ್ ಆಯಿಲ್ ಸಮಿತಿಯ ನಡವಳಿ

ಕಾರಿನ ಎಂಜಿನ್ ಆಯಿಲನ್ನು ಎಷ್ಟು ಮೈಲಿಗೊಮ್ಮೆ ಬದಲಿಸಬೇಕೆಂಬ ಬಗ್ಗೆ ಮಿಶಿಗನ್ನಿನ ಮೇಪಲ್ ಬೆಂಡ್ ಬಡಾವಣೆಯಲ್ಲಿ ಎರಡು ಅಭಿಪ್ರಾಯಗಳಿದ್ದವೆಂಬುದು ದಾಖಲೆಯಲ್ಲಿರುವ ಸಂಗತಿ. ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ಆ ದಾಖಲೆ ಬರೆದವನು ನಾನೇ.

ಮೊದಲ ಅಭಿಪ್ರಾಯ ವೆಂಡೆಲ್ ಕ್ರುಪ್ಸ್ಕಿಯವರದು. ಮೂವತ್ತೆಂಟು ವರ್ಷ ಎಂಜಿನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮೂರು ಸಾವಿರ ಮೈಲಿಗೊಮ್ಮೆ ಆಯಿಲ್ ಬದಲಿಸುತ್ತಿದ್ದರು; ಒಂದು ಮೈಲಿ ಹೆಚ್ಚಾದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಎರಡನೆಯದು ಪಕ್ಕದ ಮನೆಯ ಲೊರೇನ್ ಹ್ಯಾಗರ್ಟಿಯವರದು. ಶಾಲೆಯ ಗ್ರಂಥಪಾಲಕಿಯಾಗಿದ್ದ ಅವರು ಕಾರಿನ ಜೊತೆ ಬಂದ ಕೈಪಿಡಿಯನ್ನು ಎರಡು ಸಲ ಓದಿದ್ದರು. ಅದರಲ್ಲಿ ಹತ್ತು ಸಾವಿರ ಎಂದಿತ್ತು.

ಏಪ್ರಿಲ್ ತಿಂಗಳ ಸಾಮೂಹಿಕ ಊಟದಲ್ಲಿ ಇಬ್ಬರೂ ಎದುರುಬದುರು ಕೂತರು.

"ಹತ್ತು ಸಾವಿರಕ್ಕೆ ಅದು ಆಯಿಲ್ ಅಲ್ಲ ಕಣ್ರೀ, ಡಾಂಬರು," ಎಂದರು ವೆಂಡೆಲ್.

"ಚೆನ್ನಾಗಿರೋ ಆಯಿಲ್ ಚೆಲ್ಲೋದು ನಿಮಗೊಂದು ಚಟ. ಎಂಜಿನ್ ಮಾಡಿದೋರಿಗಿಂತ ನಿಮಗೇ ಜಾಸ್ತಿ ಗೊತ್ತಾ?"

"ಎಂಜಿನ್ ಮಾಡಿದೋನೇ ನಾನು ಕಣ್ರೀ!"

ಇದಾದ ಮೇಲೆ ಆಲೂಗಡ್ಡೆ ಸಲಾಡಿನ ಬೋಗುಣಿಯೊಂದು ನೆಲಕ್ಕೆ ಬಿತ್ತು. ಯಾರ ಕೈಯಿಂದ ಎಂಬುದು ನಡವಳಿಯಲ್ಲಿಲ್ಲ. ಮರುದಿನವೇ ಸಂಘದ ಅಧ್ಯಕ್ಷ ಡ್ವೈಟ್ ಓಸ್ಟರ್‌ಹೌಸ್ ಪ್ರಕಟಣೆ ಹೊರಡಿಸಿದರು:

"ಆಯಿಲ್ ಬದಲಾವಣೆಯ ಸೂಕ್ತ ಅಂತರವನ್ನು ನಿರ್ಣಯಿಸಲು ಏಳು ಸದಸ್ಯರ ಸಮಿತಿ ರಚಿಸಲಾಗಿದೆ. ವರದಿ ಬರುವವರೆಗೆ ಯಾವ ನಿವಾಸಿಯೂ ಎಲ್ಲಿಯೂ ಆಯಿಲ್ ಬದಲಿಸತಕ್ಕದ್ದಲ್ಲ. ಸಭೆ ಸೇರಿದ ದಿನ ಸದಸ್ಯರಿಗೆ ಸಂಘದ ವೆಚ್ಚದಲ್ಲಿ ಡೋನಟ್ ಒದಗಿಸತಕ್ಕದ್ದು."

ವಾರದೊಳಗೆ ತಮ್ಮ ಪರವಾಗಿಯೇ ತೀರ್ಪು ಬರುವುದೆಂದು ನಂಬಿ ವೆಂಡೆಲ್ ಮತ್ತು ಲೊರೇನ್ ಇಬ್ಬರೂ ಕೈ ಎತ್ತಿ ಅನುಮೋದಿಸಿದರು. ಸಮಿತಿಯು ಡೋನಟ್ ವಿಷಯವನ್ನು ಮನಗಂಡು ದಿನವೂ ಸೇರತೊಡಗಿತು. ಒಬ್ಬರೂ ಗೈರಾಗಲಿಲ್ಲ. ನಾಲ್ಕನೆಯ ವಾರದಲ್ಲಿ, ಚಳಿಗಾಲದ ಮೈಲಿಯೂ ಬೇಸಿಗೆಯ ಮೈಲಿಯೂ ಒಂದೆಯೇ ಎಂಬ ಪ್ರಶ್ನೆ ಎದ್ದು ಉಪಸಮಿತಿ ನೇಮಕವಾಯಿತು. ಅವರಿಗೂ ಡೋನಟ್ ಮಂಜೂರಾಯಿತು.

ಹೀಗಿರುವಾಗ ವೆಂಡೆಲ್ ಅವರ ಮಗಳು ಯೋಲಾಳ ಮದುವೆ ನಿಶ್ಚಯವಾಯಿತು. ಅವಳಿದ್ದದ್ದು ಉತ್ತರದ ಮಾರ್ಕೆಟ್ ಎಂಬ ಊರಿನಲ್ಲಿ, ಇನ್ನೂರ ಮೂವತ್ತು ಮೈಲಿ ದೂರದ ಸೇತುವೆಯಾಚೆ. ತೀರಿಕೊಂಡ ಅಮ್ಮ ಓಡಿಸುತ್ತಿದ್ದ ಹಸಿರು ಕಾರಿನಲ್ಲೇ ಚರ್ಚಿಗೆ ಹೋಗಬೇಕೆಂಬುದು ಅವಳ ಆಸೆ. ಅಪ್ಪ ಮಾತು ಕೊಟ್ಟಿದ್ದರು. ಆದರೆ ಆ ಕಾರು ಹಿಂದಿನ ಆಯಿಲ್ ಮೇಲೆ ಆಗಲೇ ಎರಡು ಸಾವಿರದ ಏಳುನೂರ ಎಪ್ಪತ್ತು ಮೈಲಿ ಓಡಿಬಿಟ್ಟಿತ್ತು.

"ಸೇತುವೆ ಮೇಲೇ ಮೂರು ಸಾವಿರ ತುಂಬುತ್ತೆ," ಎಂದು ಅವರು ನನ್ನ ಬಳಿ ಬಂದು ಕುಸಿದು ಕೂತರು. "ಮುಂದಕ್ಕೆ ಹೋಗೋ ಹಾಗಿಲ್ಲ, ಸೇತುವೆ ಮಧ್ಯೆ ನಿಲ್ಲೋ ಹಾಗೂ ಇಲ್ಲ."

ನಾನು ಅವರಿಗೆ ವಿನಾಯಿತಿಯ ಅರ್ಜಿ ನಮೂನೆ ಕೊಟ್ಟೆ. ನಿಯಮದಂತೆ ಅದಕ್ಕೆ ವಿರುದ್ಧ ಅಭಿಪ್ರಾಯದವರ ಸಹಿ ಬೇಕಿತ್ತು. ವೆಂಡೆಲ್ ಅದನ್ನು ತುಂಬಿ ಪಕ್ಕದ ಮನೆಯ ಬಾಗಿಲು ತಟ್ಟಿದರು.

ಲೊರೇನ್ ಅರ್ಜಿ ಓದಿದರು. "ನಿಮ್ಮ ಆಯಿಲ್ ಕೆಟ್ಟಿದೆ ಅಂತ ಬರೆದಿದೀರಿ. ಕೆಟ್ಟಿಲ್ಲ. ಸುಳ್ಳಿಗೆ ಹೇಗ್ರೀ ಸಹಿ ಹಾಕಲಿ? ಸುಮ್ಮನೆ ಓಡಿಸ್ಕೊಂಡು ಹೋಗಿ."

"ಅವಳಮ್ಮನ ಕಾರು, ಲೊರೇನ್. ಅದಕ್ಕೆ ಏನಾದ್ರೂ ಆದ್ರೆ?"

ಲೊರೇನ್ ಒಳಗಿಂದ ಪೆನ್ನು ತಂದರು. ಆಮೇಲೆ ಸಹಿ ಹಾಕಿ, ಕೆಳಗೆ "ಆಯಿಲ್ ಚೆನ್ನಾಗಿದೆ" ಎಂದೂ ಬರೆದರು. ಒಂದೇ ಅರ್ಜಿಯಲ್ಲಿ ಆಯಿಲ್ ಕೆಟ್ಟಿದೆ, ಚೆನ್ನಾಗಿದೆ ಎಂಬ ಎರಡು ಹೇಳಿಕೆಗಳಿದ್ದುದರಿಂದ ಸಮಿತಿ ಅದನ್ನು ಉಪಸಮಿತಿಗೆ ಕಳಿಸಿತು. ಉಪಸಮಿತಿ ಅದನ್ನು ಡೋನಟ್ ಪೆಟ್ಟಿಗೆಯ ಕೆಳಗಿಟ್ಟು ಮರೆತುಬಿಟ್ಟಿತು.

ಮದುವೆಗೆ ಹತ್ತು ದಿನವಿದ್ದಾಗ ಯೋಲಾ ಫೋನ್ ಮಾಡಿದಳು. "ಅಪ್ಪಾ, ಕಾರು ಬರಲ್ಲ ಅಂದ್ರೆ ಮದುವೇನೇ ಅಲ್ಲಿಗೆ ಬರುತ್ತೆ, ಬಿಡು."

ಬಂದೇಬಿಟ್ಟಿತು. ವರ, ಬೀಗರು, ಕೇಕು, ಎಲ್ಲರೂ ಸೇತುವೆ ದಾಟಿ ಬಂದರು. ನಮ್ಮ ಚರ್ಚು ಅರ್ಧ ಮೈಲಿ ದೂರ. ಆದರೆ ಅಷ್ಟರಲ್ಲಿ ಸಮಿತಿಯ ಹೊಸ ಆದೇಶ ಹೊರಟಿತ್ತು: ವಿಚಾರಣೆಯಲ್ಲಿರುವ ಆಯಿಲ್ ಒಂದು ಸಾಕ್ಷ್ಯವಾದ್ದರಿಂದ ಅಂಥ ಎಂಜಿನ್ನನ್ನು ಚಾಲೂ ಮಾಡತಕ್ಕದ್ದಲ್ಲ.

ಬಿಳಿ ಉಡುಪಿನ ಯೋಲಾ ಹಿಂದಿನ ಸೀಟಿನಲ್ಲಿ ಕೂತಿದ್ದಳು. ವೆಂಡೆಲ್ ಸ್ಟಿಯರಿಂಗ್ ಹಿಡಿದು, ಕೀಲಿ ತಿರುಗಿಸಲಾರದೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆಗ ಲೊರೇನ್ ಕೈಚೀಲ ನನ್ನ ಕೈಗೆ ತುರುಕಿ, ಚಪ್ಪಲಿ ಕಳಚಿ, ಕಾರಿನ ಹಿಂದೆ ಹೋಗಿ ಭುಜ ಕೊಟ್ಟರು.

"ಬ್ರೇಕ್ ಬಿಡ್ರೀ ವೆಂಡೆಲ್!"

ಮೂರು ಸಾವಿರದವರು ಎಡಕ್ಕೆ, ಹತ್ತು ಸಾವಿರದವರು ಬಲಕ್ಕೆ ನಿಂತು ತಳ್ಳಿದರು. ಏರಿನಲ್ಲಿ ವರನೂ ಕೋಟು ಬಿಚ್ಚಿದ. ಡ್ವೈಟ್ ಮುಂದೆ ಮುಂದೆ ನಡೆದು ಆದೇಶ ಪಾಲನೆಯನ್ನು ಪರಿಶೀಲಿಸಿದರು. ಚರ್ಚಿನ ಬಾಗಿಲಲ್ಲಿ ಇಳಿದ ಮಗಳು ಮೊದಲು ಅಪ್ಪನನ್ನು, ಆಮೇಲೆ ಬೆವರಿದ್ದ ಲೊರೇನರನ್ನು ತಬ್ಬಿಕೊಂಡಳು.

"ನೋಡಿದ್ರಾ," ಎಂದರು ಲೊರೇನ್ ಏದುಸಿರಿನಲ್ಲಿ, "ಆಯಿಲ್ ಚೆನ್ನಾಗೇ ಇತ್ತು."

ಎಂಜಿನ್ ನಿಂತಿರುವಾಗ ತಳ್ಳಿದ ಮೈಲಿಯನ್ನು ಆಯಿಲಿನ ಲೆಕ್ಕಕ್ಕೆ ಹಿಡಿಯಬೇಕೇ ಬೇಡವೇ ಎಂಬುದರ ಮೇಲೆ ಮದುವೆ ಊಟದಲ್ಲೇ ಎರಡು ಅಭಿಪ್ರಾಯ ಹುಟ್ಟಿದವು. ಸಮಿತಿಯ ಅವಧಿಯನ್ನು ಮೂರು ವರ್ಷ ವಿಸ್ತರಿಸಲಾಗಿದೆ.

ಆದೇಶ ಈಗ ಬಡಾವಣೆಯ ಎಲ್ಲ ಕಾರುಗಳಿಗೂ ಅನ್ವಯವಾದ್ದರಿಂದ, ಅಲ್ಲಿಯವರೆಗೆ ನಾವು ಅಂಗಡಿಗೂ ದಂತವೈದ್ಯರ ಬಳಿಗೂ ಕಾರು ತಳ್ಳಿಕೊಂಡೇ ಹೋಗುತ್ತೇವೆ. ಅನುಕೂಲವಾಗಿದೆ. ಹೋದ ವಾರ ಹೊಸದಾಗಿ ಮನೆ ಕೊಂಡವರೊಬ್ಬರು ಬಂದ ಮರುದಿನವೇ ಎಂಜಿನ್ ಚಾಲೂ ಮಾಡಿದರು. ಆ ಸದ್ದಿಗೆ ಬೀದಿಯವರೆಲ್ಲ ಗಾಬರಿಯಾಗಿ ಹೊರಗೆ ಬಂದೆವು. ನೋಟಿಸ್ ಕೈಗೆ ಕೊಟ್ಟಾಗ ಅವರು ಎರಡು ಸಲ ಓದಿ, ಕ್ಷಮೆ ಕೇಳಿ, ತಳ್ಳಲು ಯಾವ ಬದಿಗೆ ನಿಲ್ಲಬೇಕೆಂದು ವಿಚಾರಿಸಿದರು.